ಕೋಗಿಲು ನಕ್ಷೆಯ ತೆಳುಗೆರೆ

ಶೇಖರಯ್ಯನವರು ಆ ಮಾತನ್ನು ನಿಜವಾಗಿ ಹೇಳಿದರೇ ಎಂಬುದು ನನಗೆ ಖಾತ್ರಿಯಿಲ್ಲ. "ಇಲ್ಲದ್ದನ್ನ ತೋರಿಸಿದ್ರೆ ಯಾರಾದ್ರೂ ಬಂದು ಕೇಳ್ತಾರೆ ಕಣಯ್ಯ. ಇದ್ದದ್ದನ್ನ ಮರೆಸಿದ್ರೆ ಯಾರೂ ಕೇಳಲ್ಲ." ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಅದು ಅವರ ದನಿಯಲ್ಲಿ ಕೇಳುತ್ತಿದೆಯೋ ನನ್ನ ದನಿಯಲ್ಲೋ ತಿಳಿಯುವುದಿಲ್ಲ. ನನ್ನ ನೆನಪಿನಲ್ಲಿ ಅವರು ಸೋಲ್ಡರಿಂಗ್ ಐರನ್ ಹಿಡಿದು ನಿಂತಿದ್ದಾರೆ. ಅಂದು ಅಲ್ಲೇ ಇದ್ದ ನನ್ನ ಸಹೋದ್ಯೋಗಿ ಶಕೀಲಾ ಪ್ರಕಾರ ಅವರು ಕೂತಿದ್ದರು, ಕೋಡುಬಳೆ ತಿನ್ನುತ್ತಿದ್ದರು, ಹೇಳಿದ್ದು ಇಷ್ಟು ಚೆನ್ನಾಗಿರಲಿಲ್ಲ.

ನಾನು ಓದಿದ್ದು ಭೌತಶಾಸ್ತ್ರ. ಒಂದು ಅಳತೆಯನ್ನು ಹೇಳುವಾಗ ಅದರಲ್ಲಿ ಎಷ್ಟು ತಪ್ಪಿರಬಹುದೆಂದೂ ಹೇಳಬೇಕು, ಇಲ್ಲದಿದ್ದರೆ ಆ ಅಳತೆಗೆ ಬೆಲೆಯಿಲ್ಲ ಎಂದು ಅಲ್ಲಿ ಕಲಿಸಿದ್ದರು. ಆ ಲೆಕ್ಕದಲ್ಲಿ ಈ ಬರಹದ ಬಹುಪಾಲಿಗೆ ಬೆಲೆ ಕಡಿಮೆ. ಆದರೂ ಬರೆಯುತ್ತಿದ್ದೇನೆ. ಪರದೆಯ ಮೇಲೆ ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವ ಈಗಿನ ಎಂಜಿನಿಯರುಗಳಿಗೆ, ಆ ಕೆಲಸದೊಳಗೆ ಯಾರೋ ಒಬ್ಬರು ಯಾವತ್ತೋ ಮಾಡಿದ ಒಂದು ತೀರ್ಮಾನ ಕೂತಿದೆ ಎಂಬುದು ಕಾಣುವುದಿಲ್ಲ. ನಮಗೆ ಕಾಣುತ್ತಿತ್ತು. ಆ ತೀರ್ಮಾನವನ್ನು ನಾವು ತಂತಿ ಸುತ್ತಿ ಕಟ್ಟಬೇಕಾಗಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಯಶವಂತಪುರದಲ್ಲಿ ಒಂದು ಕಡೆ ಲೇತ್ ಶೆಡ್ಡು, ಇನ್ನೊಂದು ಕಡೆ ಊದುಬತ್ತಿ ಗೋದಾಮು, ಎರಡರ ನಡುವೆ ಶೀಟಿನ ಛಾವಣಿಯ ನಮ್ಮ ಕಂಪನಿ. ನಾವು ಕಳಿಸಿದ ಸರ್ಕ್ಯೂಟ್ ಬೋರ್ಡುಗಳು ಪೆಟ್ಟಿಗೆ ಬಿಚ್ಚಿದ ಕೂಡಲೇ ಘಮ್ಮೆನ್ನುತ್ತಿದ್ದವು. "ಪೂಜೆ ಮಾಡಿಸಿ ಕಳಿಸ್ತೀರೇನ್ರೀ?" ಎಂದು ಮದರಾಸಿನ ಗ್ರಾಹಕರೊಬ್ಬರು ಫೋನಿನಲ್ಲಿ ಕೇಳಿದ್ದರಂತೆ.

ನಾವು ಮಾಡುತ್ತಿದ್ದ ಬೋರ್ಡು ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಕೂರುತ್ತಿತ್ತು. ಆಗಿನ ಪ್ರಿಂಟರಿಗೆ ಅಕ್ಷರ ಗೊತ್ತಿತ್ತು, ಚಿತ್ರ ಗೊತ್ತಿರಲಿಲ್ಲ. ಚಿತ್ರವೆಂದರೆ ಸಾಲು ಸಾಲು ಚುಕ್ಕೆ, ಪ್ರತಿ ಚುಕ್ಕೆಯೂ ಕಪ್ಪು ಇಲ್ಲವೇ ಬಿಳಿ. ಆ ಸಾಲುಗಳು ನಮ್ಮ ಬೋರ್ಡಿನ ಮೂಲಕ ಹರಿಯುವಾಗ ಎರಡು ಕೆಲಸ ನಡೆಯಬೇಕಿತ್ತು. ಒಂದು, ಕತ್ತರಿಸುವುದು: ದೊಡ್ಡ ಚಿತ್ರದ ಮೇಲೆ ಒಂದು ಕಿಟಕಿ ಇಟ್ಟು, ಅದರೊಳಗಿನ ಚುಕ್ಕೆಗಳನ್ನು ಮಾತ್ರ ಬಿಡುವುದು. ಇನ್ನೊಂದು, ಆ ತುಂಡನ್ನು ಕಾಗದಕ್ಕೆ ಹೊಂದುವಂತೆ ಹಿಗ್ಗಿಸುವುದು ಅಥವಾ ಕುಗ್ಗಿಸುವುದು. ಇದನ್ನು ಕಂಪ್ಯೂಟರಿಗೇ ಒಪ್ಪಿಸಿದರೆ ಒಂದು ಹಾಳೆ ಬರುವಷ್ಟರಲ್ಲಿ ನಾವು ರೈಲ್ವೆ ಗೇಟಿನ ತನಕ ನಡೆದು ಕಾಫಿ ಕುಡಿದು ಬರಬಹುದಿತ್ತು. ಹಾಗಾಗಿ ಚಿಪ್ಪುಗಳಲ್ಲೇ ಮಾಡುತ್ತಿದ್ದೆವು.

ಮುಖ್ಯ ಎಂಜಿನಿಯರ್ ಶೇಖರಯ್ಯನವರು. ರಾಡಾರ್ ರಿಪೇರಿಯಲ್ಲಿ ಅರ್ಧ ಆಯಸ್ಸು ಕಳೆದು ಬಂದವರು. ನನ್ನನ್ನು ಹೆಸರು ಹಿಡಿದು ಕರೆದದ್ದು ಅಪರೂಪ. "ಏನಯ್ಯ ಎಂಎಸ್ಸಿ" ಅನ್ನುತ್ತಿದ್ದರು. ಶಕೀಲಾ ಆರ್.ಟಿ. ನಗರದವರು, ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ನನಗಿಂತ ಒಂದು ವರ್ಷ ಮೊದಲು ಸೇರಿದ್ದರು. ಮನೆಯಲ್ಲಿ ದಖ್ಖನಿ, ನಮ್ಮ ಜೊತೆ ಕನ್ನಡ, ಬೋರ್ಡು ಕೈಕೊಟ್ಟಾಗ ಎರಡರಲ್ಲೂ ಬೈಗುಳ.

ನಮ್ಮ ಮೊದಲ ದೊಡ್ಡ ಅವಾಂತರ ಒಂದು ಆನೆಯದು. ಒಂದು ಲಾರಿ ಸಾಗಣೆ ಕಂಪನಿಯವರು ತಮ್ಮ ರಸೀದಿಯ ಮೇಲೆ ಆನೆಯ ಗುರುತು ಅಚ್ಚಾಗಬೇಕು ಎಂದಿದ್ದರು. ಅವರು ಎದುರಿಗೆ ಕೂತಿದ್ದಾಗಲೇ ಪ್ರಿಂಟರ್ ಕಿರ್ರೆಂದಿತು, ಆನೆ ಬಂತು. ಆದರೆ ಬಲಗಡೆ ಇರಬೇಕಾದ ಸೊಂಡಿಲಿನ ತುದಿ ಎಡಗಡೆ ಬಾಲದ ಹಿಂದೆ ಬಂದಿತ್ತು. ಕಿಟಕಿಯ ಬಲ ಅಂಚು ಬಂದಾಗ ಚುಕ್ಕೆಗಳನ್ನು ತಡೆಯಬೇಕಾದ ಚಿಪ್ಪಿಗೆ ಸಂಕೇತ ತಡವಾಗಿ ಮುಟ್ಟುತ್ತಿತ್ತು. ತಪ್ಪಿಸಿಕೊಂಡ ಚುಕ್ಕೆಗಳು ಮುಂದಿನ ಸಾಲಿನ ಆರಂಭದಲ್ಲಿ ಹೋಗಿ ಕೂತಿದ್ದವು.

"ಏನಯ್ಯ ಎಂಎಸ್ಸಿ, ನಿನ್ನ ಆನೆ ತನ್ನ ಬಾಲ ತಾನೇ ಮೂಸ್ತಾ ಇದೆ" ಎಂದರು ಶೇಖರಯ್ಯ.

"ಬಿಡಿ ಸಾರ್, ದಾರಿ ತಪ್ಪದ ಹಾಗೆ ಹಿಡ್ಕೊಂಡಿದೆ. ಲಾರಿ ಕಂಪನಿಗೆ ಸರಿಯಾಗೇ ಇದೆ" ಎಂದರು ಶಕೀಲಾ.

ಗ್ರಾಹಕರೂ ನಕ್ಕರು, ಅದು ನಮ್ಮ ಪುಣ್ಯ. ಆ ಸಂಕೇತದ ತಂತಿ ಎಳೆದದ್ದು ನಾನು ಎಂದು ನನ್ನ ನೆನಪು. ತಾನು ಎಂದು ಶಕೀಲಾ ಇವತ್ತಿಗೂ ವಾದಿಸುತ್ತಾರೆ. ಒಂದೇ ತಪ್ಪಿಗೆ ಇಬ್ಬರು ಹಕ್ಕುದಾರರಿದ್ದ ಕಾಲ ಅದು ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಅಂದು ನಾವಿಬ್ಬರೂ ಬೇರೆಯವರತ್ತ ಬೆರಳು ತೋರಿಸಿರಲೂಬಹುದು.

ಆನೆಯ ತಪ್ಪು ಕಣ್ಣಿಗೆ ಹೊಡೆಯುವಂಥದ್ದು. ಅದಕ್ಕೇ ಅದರಿಂದ ಕೆಡುಕಾಗಲಿಲ್ಲ. ಮುಂದಿನದು ಹಾಗಿರಲಿಲ್ಲ.

ಆಗ ಯಲಹಂಕದ ಸುತ್ತ ಬಡಾವಣೆಗಳು ಏಳುತ್ತಿದ್ದವು. ಕೋಗಿಲಿನ ಹತ್ತಿರ ಹೊಲಗಳನ್ನು ಕೊಂಡು ಸೈಟು ಮಾಡುತ್ತಿದ್ದ ಒಂದು ಗೃಹ ನಿರ್ಮಾಣ ಸಹಕಾರ ಸಂಘ ನಮ್ಮಲ್ಲಿಗೆ ಬಂತು. ಬಡಾವಣೆಯ ದೊಡ್ಡ ನಕ್ಷೆಯನ್ನು ಒಮ್ಮೆ ಸ್ಕ್ಯಾನ್ ಮಾಡಿಟ್ಟುಕೊಂಡು, ಅದರಿಂದ ಪ್ರತಿ ಸದಸ್ಯನಿಗೂ ಅವನ ಸೈಟು, ಅಕ್ಕಪಕ್ಕದ ಸೈಟು, ಮುಂದಿನ ರಸ್ತೆ ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಡಬೇಕು. ಕತ್ತರಿಸು, ಕುಗ್ಗಿಸು, ಅಚ್ಚು ಹಾಕು. ನಮ್ಮ ಬೋರ್ಡಿಗೆ ಇದಕ್ಕಿಂತ ಹೊಂದುವ ಕೆಲಸವಿರಲಿಲ್ಲ. ಕಂಪನಿಯ ಮಾಲೀಕರು ಸ್ವೀಟು ಹಂಚಿದರು.

ಆ ಸಂಘದಲ್ಲಿ ಶಕೀಲಾರ ತಂದೆಯೂ ಸದಸ್ಯರು. ಗೌಸ್ ಸಾಹೇಬರಿಗೆ ಯಶವಂತಪುರದ ಲಾರಿ ಸ್ಟ್ಯಾಂಡಿನ ಬಳಿ ಸೀಟು ಹೊಲಿಯುವ ಬಾಡಿಗೆ ಅಂಗಡಿಯಿತ್ತು. ಲಾಟರಿಯಲ್ಲಿ ಅವರಿಗೆ ಮೂಲೆಯ ಸೈಟು ಬಂದಿತ್ತು. ಎರಡು ಕಡೆ ರಸ್ತೆ. ಕೆಳಗೆ ಅಂಗಡಿ, ಮೇಲೆ ಮನೆ. ಬಾಡಿಗೆ ಬಾಗಿಲು ತೆಗೆಯುವ ಬದುಕು ಮುಗಿಯಿತು ಎಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಭಾನುವಾರದ ಸಭೆಯಲ್ಲಿ ಒಪ್ಪಿಗೆಯ ಸಹಿ ಹಾಕಬೇಕಿತ್ತು.

ಆ ವಾರ ಶಕೀಲಾ ಅಚ್ಚಾದ ಹಾಳೆಗಳನ್ನು ಪರೀಕ್ಷಿಸುತ್ತಿದ್ದರು. ತಂದೆಯ ಸೈಟಿನ ಹಾಳೆ ಬಂದಾಗ ಸಹಜವಾಗಿಯೇ ಹೆಚ್ಚು ಹೊತ್ತು ನೋಡಿದರು. ಆಮೇಲೆ ಪಕ್ಕದ ಸೈಟಿನವರ ಹಾಳೆ ತೆಗೆದು ಅದರ ಪಕ್ಕ ಇಟ್ಟು ನನ್ನನ್ನು ಕರೆದರು.

"ಮೂರ್ತಿ, ಇಲ್ನೋಡಿ. ಅದೇ ಜಾಗ, ಅದೇ ಮೂಲೆ. ಇದರಲ್ಲಿ ಈ ಗೆರೆ ಇದೆ. ಅಬ್ಬಾನ ಹಾಳೇಲಿ ಇಲ್ಲ."

ಪಕ್ಕದವರ ಹಾಳೆಯಲ್ಲಿ ಮೂಲೆ ಸೈಟಿನ ಮಧ್ಯದಲ್ಲಿ ಕೂದಲೆಳೆಯಂಥ ಒಂದು ಗೆರೆ ಉತ್ತರದಿಂದ ದಕ್ಷಿಣಕ್ಕೆ ನೆಟ್ಟಗೆ ಇಳಿದಿತ್ತು. ಗೌಸ್ ಸಾಹೇಬರ ಹಾಳೆಯಲ್ಲಿ ಅದೇ ಸೈಟು ಬಿಳಿಯಾಗಿ, ಚೊಕ್ಕವಾಗಿತ್ತು.

ಪ್ರಿಂಟರಿನ ಸೂಜಿ ನೋಡಿದೆವು, ರಿಬ್ಬನ್ ಬದಲಿಸಿದೆವು. ಪ್ರತಿ ಸಲವೂ ಅದೇ. ಅದೆಷ್ಟು ಹೊತ್ತಾಯಿತೋ, ಕೊನೆಗೆ ಕಾರಣ ಸಿಕ್ಕಾಗ ನಾಚಿಕೆಯಾಗುವಷ್ಟು ಸರಳವಾಗಿತ್ತು. ನಕ್ಷೆಯನ್ನು ಮೂರನೇ ಒಂದಕ್ಕೆ ಕುಗ್ಗಿಸಲು ನಮ್ಮ ಬೋರ್ಡು ಮೂರು ಚುಕ್ಕೆಗೆ ಒಂದನ್ನು ಇಟ್ಟುಕೊಂಡು ಎರಡನ್ನು ಎಸೆಯುತ್ತಿತ್ತು. ಆಗ ಎಲ್ಲರೂ ಮಾಡುತ್ತಿದ್ದದ್ದೇ ಅದು. ಸೈಟಿನ ಗಡಿಗಳು ದಪ್ಪಗಿದ್ದವು, ಎರಡು ಚುಕ್ಕೆ ಹೋದರೂ ಒಂದು ಉಳಿಯುತ್ತಿತ್ತು. ಈ ಗೆರೆಯ ದಪ್ಪ ಒಂದೇ ಚುಕ್ಕೆ. ಮೂರರ ಎಣಿಕೆ ಶುರುವಾಗುತ್ತಿದ್ದದ್ದು ಕಿಟಕಿಯ ಎಡ ಅಂಚಿನಿಂದ. ಪಕ್ಕದವರ ಕಿಟಕಿ ಸ್ವಲ್ಪ ಆಚೆ, ಅಲ್ಲಿಂದ ಎಣಿಸಿದರೆ ಗೆರೆ ಇಟ್ಟುಕೊಳ್ಳುವ ಚುಕ್ಕೆಯ ಮೇಲೆ ಬೀಳುತ್ತಿತ್ತು. ಗೌಸ್ ಸಾಹೇಬರ ಕಿಟಕಿಯಿಂದ ಎಣಿಸಿದರೆ ಎಸೆಯುವ ಚುಕ್ಕೆಯ ಮೇಲೆ. ಕತ್ತರಿಸುವ ಚಿಪ್ಪು ಸರಿಯಾಗಿತ್ತು. ಕುಗ್ಗಿಸುವ ಚಿಪ್ಪು ಸರಿಯಾಗಿತ್ತು. ಎರಡೂ ಸೇರಿ ಒಂದು ಗೆರೆಯನ್ನು ನುಂಗಿದ್ದವು.

ಇಲ್ಲಿ ನೆನಪಿಗೂ ಈ ಬೋರ್ಡಿಗೂ ಹೋಲಿಕೆ ಕೊಡಲು ಕೈ ತುರಿಸುತ್ತದೆ. ಕೊಡುವುದಿಲ್ಲ. ನೆನಪು ಹೀಗೆ ನಿಯಮ ಹಿಡಿದು ಎಸೆಯುವುದಾಗಿದ್ದರೆ ಏನು ಹೋಯಿತೆಂದು ಲೆಕ್ಕ ಹಾಕಿ ಹಿಂದಕ್ಕೆ ತರಬಹುದಿತ್ತು.

ಗೆರೆ ಏನು ಎಂಬುದು ಬೇರೆ ಪ್ರಶ್ನೆ: ಕಾಗದದ ಮಡಿಕೆಯ ಗುರುತೋ, ಸೈಟಿನ ನಡುವೆ ಹಾದುಹೋಗುವ ಹಳೆಯ ಕಾಲುವೆಯೋ? ಕಾಲುವೆಯಾದರೆ ಅಲ್ಲಿ ಕಟ್ಟಿದ ಅಂಗಡಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ. ಸಂಘ ನಮಗೆ ಕೊಟ್ಟಿದ್ದು ಮೂಲ ನಕ್ಷೆಯ ಪ್ರತಿ, ಬಹಳ ಕಾಲ ಮಡಿಸಿಟ್ಟದ್ದು. ಮೂವರೂ ಅದರ ಮೇಲೆ ಬಗ್ಗಿ ಭೂತಗನ್ನಡಿ ಹಿಡಿದೆವು. ಗೆರೆ ಸರಿಯಾಗಿ ಮಡಿಕೆಯ ಮೇಲೇ ಇತ್ತು.

"ಮಡಿಕೆಯೇ ಇರಬೇಕು. ಕಾಲುವೆ ಯಾವುದಾದ್ರೂ ಇಷ್ಟು ನೆಟ್ಟಗೆ ಹರಿಯುತ್ತಾ?" ಎಂದೆ.

"ಕೆರೆಯಿಂದ ಕೆರೆಗೆ ತೋಡಿದ ಕಾಲುವೆ ಆದ್ರೆ ಹರಿಯುತ್ತೆ. ಅಲ್ಲದೆ ಮಡಿಕೆ ಆದ್ರೆ ಹಾಳೆಯ ತುದಿತನಕ ಗೆರೆ ಹೋಗ್ಬೇಕಲ್ವಾ? ಇದು ಮೊದಲೇ ನಿಂತಿದೆ" ಎಂದರು ಶಕೀಲಾ.

"ತುದೀಲಿ ಕಾಗದ ಸವೆದಿಲ್ಲ ಅಷ್ಟೆ."

"ನೀವು ಎಲ್ಲದಕ್ಕೂ ಒಂದು ಉತ್ತರ ಇಟ್ಕೊಂಡಿರ್ತೀರಿ."

"ಇಲ್ಲ, ಎಲ್ಲದಕ್ಕೂ ಎರಡು ಇಟ್ಕೊಂಡಿರ್ತಾನೆ. ಅದೇ ಇವನ ಕಾಯಿಲೆ" ಎಂದರು ಶೇಖರಯ್ಯ.

ಮೂಲ ನಕ್ಷೆ ನೋಡಲು ಸರ್ಕಾರಿ ಕಚೇರಿಗೆ ಅರ್ಜಿ ಹಾಕಿ ಕಾಯಬೇಕು. ಭಾನುವಾರ ಕಾಯುವುದಿಲ್ಲ. ಹಾಗಾಗಿ ಮರುದಿನ ಮಧ್ಯಾಹ್ನ ಶಕೀಲಾ, ಅವರ ತಂದೆ, ನಾನು ಯಲಹಂಕದ ಬಸ್ಸು ಹಿಡಿದು, ಇಳಿದು, ಕೋಗಿಲಿನ ಕಡೆಗೆ ನಡೆದೆವು. ಬೇಸಿಗೆ. ಇಡೀ ಜಾಗಕ್ಕೆ ಬುಲ್ಡೋಜರ್ ಹೊಡೆದು ಕೆಂಪು ಮಣ್ಣನ್ನು ಚಪಾತಿಯ ಹಾಗೆ ಲಟ್ಟಿಸಿದ್ದರು. ಸುಣ್ಣ ಬಳಿದ ಸೈಟುಕಲ್ಲುಗಳನ್ನು ಬಿಟ್ಟರೆ ಏನೂ ಇರಲಿಲ್ಲ. ಕುರಿ ಮೇಯಿಸುತ್ತಿದ್ದ ಒಬ್ಬರನ್ನು, ಇಲ್ಲಿ ಮುಂಚೆ ಕಾಲುವೆ ಇತ್ತಾ ಎಂದು ಕೇಳಿದೆ.

"ಮಳೆ ಬಂದ್ರೆ ಇಂಗೂ ಅರೀತದೆ, ಅಂಗೂ ಅರೀತದೆ ಸ್ವಾಮಿ. ಮಳೆ ಎಲ್ ಬಂತು?" ಎಂದು ಅವರು ನನ್ನನ್ನೇ ಕೇಳಿದರು.

ಗೌಸ್ ಸಾಹೇಬರು ಮಾತ್ರ ತಮ್ಮ ಮೂಲೆಯಲ್ಲಿ ನಿಂತು ಕೈ ಚಾಚಿದ್ದರು. "ಇಲ್ಲಿ ಶಟರ್. ಇಲ್ಲಿ ಮಿಷಿನ್. ಲಾರಿ ಇಲ್ಲಿಂದ ಬಂದು ಇಲ್ಲಿ ತಿರುಗತ್ತೆ. ಏನ್ ಸಾಬ್, ಜಾಗ ಹ್ಯಾಗಿದೆ?" ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು.

ಇತ್ತ ಶೇಖರಯ್ಯನವರು ಬೋರ್ಡನ್ನು ಬದಲಿಸಲು ಹೇಳಿದ್ದರು. ಎಸೆಯುವುದು ಬೇಡ, ಮೂರರಲ್ಲಿ ಒಂದು ಚುಕ್ಕೆ ಕಪ್ಪಾಗಿದ್ದರೂ ಇಡೀ ಗುಂಪು ಕಪ್ಪು. ಅಡ್ಡಕ್ಕೂ ಹಾಗೇ, ಉದ್ದಕ್ಕೂ ಹಾಗೇ. ಅದಕ್ಕೆ ಮೇಲಿನ ಸಾಲುಗಳನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಚಿಪ್ಪೊಂದು ಬೇಕಾಯಿತು. ಶಕೀಲಾ ತಂತಿ ಸುತ್ತಿದರು, ನಾನು ಪರೀಕ್ಷಿಸಿದೆ. ಈಗ ಗೆರೆ ಯಾವ ಕಿಟಕಿಯಿಂದ ನೋಡಿದರೂ ಕಾಣುತ್ತಿತ್ತು. ಆದರೆ ಎಲ್ಲವೂ ದಪ್ಪಗಾಗಿತ್ತು. ಎಂಟು, ಆರು, ಒಂಬತ್ತು ಅಂಕಿಗಳು ಹೊಟ್ಟೆ ತುಂಬಿಕೊಂಡು ಜಾಮೂನಿನ ಹಾಗೆ ಕಾಣುತ್ತಿದ್ದವು.

ಸಂಘದ ಕಾರ್ಯದರ್ಶಿ ಶನಿವಾರ ಬಂದರು. ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಶೇಖರಯ್ಯನವರ ಮೇಜಿನ ಮೇಲಿಟ್ಟೆವು.

"ಮೊದಲಿನದೇ ನೀಟಾಗಿದೆ ಕಣ್ರೀ. ಇದೇನಿದು, ಇದ್ದಿಲಲ್ಲಿ ಬರೆದ ಹಾಗಿದೆ. ಆ ಗೆರೆ ಕಾಗದದ ಮಡಿಕೆ. ಅದನ್ನ ನೋಡಿ ಮೆಂಬರ್‌ಗಳು ಸುಮ್ನೆ ಹೆದರ್ತಾರೆ."

"ಮಡಿಕೆ ಅಂತ ಗ್ಯಾರಂಟಿ ಇದೆಯಾ?" ಎಂದರು ಶೇಖರಯ್ಯ.

"ಮತ್ತಿನ್ನೇನು?"

"ಹಾಗಾದ್ರೆ ಮೂಲ ನಕ್ಷೆ ತನ್ನಿ. ಅದರಲ್ಲಿ ಇಲ್ಲ ಅಂದ್ರೆ ನಾನೇ ಅಳಿಸ್ಕೊಡ್ತೀನಿ."

"ಏನ್ ಸಾರ್ ನೀವು, ಪ್ರಿಂಟ್ ಹಾಕೋರು ಪ್ರಿಂಟ್ ಹಾಕಿ. ಲೇಔಟ್ ನಮಗೆ ಬಿಡಿ."

ಶೇಖರಯ್ಯನವರು ನನ್ನ ಕಡೆ ತಿರುಗಿ, ಈ ಬರಹದ ಆರಂಭದಲ್ಲಿ ಬರೆದ ಆ ಮಾತನ್ನು ಹೇಳಿದ್ದು ಆಗ. ಅಥವಾ ಹೇಳಲಿಲ್ಲ. ಅವರು ಹಳೆಯ ಹಾಳೆಗಳ ಕಟ್ಟನ್ನು ಎತ್ತಿ ತಮ್ಮ ಕುರ್ಚಿಯ ಹಿಂದೆ ಇಟ್ಟರು, ಕಾರ್ಯದರ್ಶಿಗೆ ಕೊಡಲಿಲ್ಲ. ಇಷ್ಟರಲ್ಲಿ ಶಕೀಲಾರಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಉಳಿದ ಕೆಲಸವನ್ನು ಸಂಘ ಬೇರೆ ಕಡೆಗೆ ಒಯ್ದಿತು. ಮಾಲೀಕರು ಶೇಖರಯ್ಯನವರ ಮೇಲೆ ಕೂಗಾಡಿದ್ದು ಊದುಬತ್ತಿ ಗೋದಾಮಿನವರಿಗೂ ಕೇಳಿಸಿತು.

ಕಾರ್ಯದರ್ಶಿ ಸುಳ್ಳು ಹೇಳಿದರು ಎಂದು ನಾನು ಬರೆಯುವುದಿಲ್ಲ. ಅವರು ನಿಜವಾಗಿಯೂ ಮಡಿಕೆ ಎಂದೇ ನಂಬಿರಬಹುದು. ನಾನೂ ಅರ್ಧ ನಂಬಿದ್ದೆ. ಮೂಲ ನಕ್ಷೆ ತರದಿದ್ದದ್ದು ಯಾವುದಕ್ಕೂ ಪುರಾವೆಯಲ್ಲ.

ಅವತ್ತು ಸಂಜೆ ಶಕೀಲಾರ ಮನೆಗೆ ನಾನೂ ಹೋದೆ. ಗೌಸ್ ಸಾಹೇಬರು ಚಾಯ್ ತರಿಸಿದರು. ನಾವು ಒಯ್ದಿದ್ದ ಹಳೆಯ, ಹೊಸ ಎರಡೂ ಹಾಳೆಗಳನ್ನು ಮಂಡಿಯ ಮೇಲಿಟ್ಟುಕೊಂಡು ನೋಡಿದರು.

"ಇದರಲ್ಲಿ ಯಾವುದು ಸರಿ ಬೇಟಾ?"

"ಗೆರೆ ಇರೋದು ಸರಿ ಅಬ್ಬಾ. ಅದು ಕಾಲುವೆಯೋ ಮಡಿಕೆಯೋ ಗೊತ್ತಿಲ್ಲ."

"ಮಿಷಿನ್ ನಿಮ್ಮದು. ಗೊತ್ತಿಲ್ಲ ಅಂತೀಯಲ್ಲಾ!"

"ಮಿಷಿನ್‌ಗೆ ಕಾಗದದ ಮೇಲೆ ಇರೋದು ಮಾತ್ರ ಗೊತ್ತು. ನೆಲದ ಮೇಲೆ ಇರೋದು ಗೊತ್ತಿಲ್ಲ."

ಅವರು ನನ್ನ ಕಡೆ ನೋಡಿದರು. "ನೀವು ಓದಿದೋರು. ನೀವಾದ್ರೂ ಒಂದು ಹೇಳಿ ಸಾಬ್."

ನನಗೆ ಹೇಳಲು ಇದ್ದದ್ದು ಒಂದೇ: ಗೊತ್ತಿಲ್ಲ. ಹೇಳಿದೆ. ನನ್ನ ವೃತ್ತಿಯಲ್ಲಿ ನಾನು ಹೇಳಿದ ಅತ್ಯಂತ ಕಷ್ಟದ ಮಾತು ಅದು ಎಂದು ಈಗ ಅನ್ನಿಸುತ್ತದೆ. ಆಗ ಹಾಗನ್ನಿಸಿತೋ ಇಲ್ಲವೋ, ಬಿಸಿ ಚಾಯ್ ನಾಲಿಗೆ ಸುಟ್ಟದ್ದು ಮಾತ್ರ ನೆನಪಿದೆ.

ಗೌಸ್ ಸಾಹೇಬರು ಮೂಲೆ ಸೈಟು ಬಿಟ್ಟುಕೊಟ್ಟರು. ಅದರ ಬದಲು ಮೇಲೆ ದಿಬ್ಬದ ಕಡೆ, ಒಳಗಿನ ಅಡ್ಡರಸ್ತೆಯಲ್ಲಿ ಒಂದು ಚಿಕ್ಕ ಸೈಟು ತೆಗೆದುಕೊಂಡರು. ಅಲ್ಲಿ ಮನೆ ಕಟ್ಟಬಹುದಿತ್ತು, ಲಾರಿ ತಿರುಗುವ ಹಾಗಿರಲಿಲ್ಲ. ಅಂಗಡಿ ಯಶವಂತಪುರದಲ್ಲೇ, ಬಾಡಿಗೆಯಲ್ಲೇ ಉಳಿಯಿತು. ಮೂಲೆ ಸೈಟನ್ನು ಬೇರೊಬ್ಬರು ಕೊಂಡು ಮನೆ ಕಟ್ಟಿದರು. ಮುಂದೆ ಅಂಗಡಿ ಸಾಲೂ ಬಂತು. ವರ್ಷಗಳು ಕಳೆದರೂ ಹೊರಗಿನಿಂದ ನೋಡಿದರೆ ಆ ಮನೆಗೆ ಏನೂ ಆದಂತೆ ಕಾಣಲಿಲ್ಲ. ಶಕೀಲಾ ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟರು. "ನಾನು ಒಂದು ಮಡಿಕೆಗೆ ಅಬ್ಬಾನ ಅಂಗಡಿ ಕೊಟ್ಬಿಟ್ಟೆ" ಎಂದು ಒಮ್ಮೆ ಕ್ಯಾಂಟೀನಿನಲ್ಲಿ ಹೇಳಿದರು. ಸಮಾಧಾನ ಹೇಳಲು ನನ್ನಲ್ಲಿ ಪುರಾವೆ ಇರಲಿಲ್ಲ.

ಗೌಸ್ ಸಾಹೇಬರು ಮಾತ್ರ ಪ್ರತಿ ಹಬ್ಬಕ್ಕೂ ನನ್ನನ್ನು ಕರೆಯುತ್ತಿದ್ದರು. ಬಾಗಿಲಲ್ಲೇ ಶುರು: "ಬನ್ನಿ ಸಾಬ್, ನಮ್ಮ ಕಾರ್ನರ್ ಸೈಟ್ ತಿಂದೋರು ಬಿರಿಯಾನಿನೂ ತಿನ್ನಿ." ಎಲ್ಲರೂ ನಗುತ್ತಿದ್ದರು. ಶಕೀಲಾ ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಕಸುಬು ಬದಲಾಯಿತು. ತಂತಿ ಸುತ್ತುವುದು ಹೋಗಿ, ಬೋರ್ಡಿನ ಅಷ್ಟೂ ಚಿಪ್ಪು ಒಂದೇ ಚಿಪ್ಪಿನೊಳಗೆ ಸೇರಿತು. ಮುಂದೆ ಲೇಸರ್ ಪ್ರಿಂಟರ್ ಬಂದು ಚುಕ್ಕೆಗಳು ಎಷ್ಟು ಸಣ್ಣಗಾದವೆಂದರೆ, ಅಕ್ಕಪಕ್ಕದ ಚುಕ್ಕೆಗಳ ಸರಾಸರಿ ತೆಗೆದು ಬೂದುಬಣ್ಣವನ್ನೇ ತೋರಿಸುವಂತಾಯಿತು. ಸರಾಸರಿಯಲ್ಲಿ ಗೆರೆ ಸಾಯುವುದಿಲ್ಲ, ಮಂಕಾಗುತ್ತದೆ. ಅದೂ ಒಂದು ಬಗೆಯ ತೀರ್ಮಾನವೇ. ನಾನು ತರಬೇತಿ ಕೊಟ್ಟವರಿಗೆಲ್ಲ ಮೊದಲ ದಿನ ಒಂದು ಚುಕ್ಕೆ ದಪ್ಪದ ಗೆರೆಯ ಚಿತ್ರ ಕೊಟ್ಟು, ಅದನ್ನು ಕುಗ್ಗಿಸಿ, ಕಿಟಕಿಯನ್ನು ಒಂದೊಂದೇ ಚುಕ್ಕೆ ಸರಿಸಿ ನೋಡಿ ಎನ್ನುತ್ತಿದ್ದೆ. ಗೆರೆ ಮಿಣಮಿಣ ಬಂದು ಹೋಗುವುದನ್ನು ನೋಡಿ ನಗುತ್ತಿದ್ದರು. ಆಮೇಲೆ, ಇದು ನಿಮ್ಮ ತಂದೆಯ ಸೈಟು ಎಂದುಕೊಳ್ಳಿ ಎನ್ನುತ್ತಿದ್ದೆ.

ಶೇಖರಯ್ಯನವರು ಹೋದರು. ಕೆಲವು ವರ್ಷಗಳ ನಂತರ ಗೌಸ್ ಸಾಹೇಬರೂ ಹೋದರು, ದಿಬ್ಬದ ಮೇಲಿನ ಆ ಚಿಕ್ಕ ಮನೆಯಿಂದಲೇ.

ನಾನು ನಿವೃತ್ತನಾದ ಮೇಲೆ ಇದನ್ನು ಬರೆಯಬೇಕೆಂದು ಕೂತಾಗ ಗೆರೆಯ ಹತ್ತಿರ ಬಂದು ಕೈ ನಿಂತಿತು. ಶಕೀಲಾರಿಗೆ ಫೋನ್ ಮಾಡಿ, ಮಳೆಗಾಲ ಬರಲಿ, ಒಂದು ಸಲ ಹೋಗಿ ನೋಡೋಣ ಎಂದೆ. ಬರುವುದಿಲ್ಲ ಎಂದರು. ಒಂದು ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿ, ಹೋಗೋಣ ಎಂದರು.

ಮೂಲೆ ಮನೆ ಗಟ್ಟಿಯಾಗಿಯೇ ನಿಂತಿತ್ತು. ಉತ್ತರದ ಕಾಂಪೌಂಡ್ ಗೋಡೆಯ ಬುಡದಲ್ಲಿ ಕಬ್ಬಿಣದ ಜಾಲರಿ, ಅದರೊಳಕ್ಕೆ ರಸ್ತೆಯಾಚೆಯಿಂದ ಕೆಂಪು ನೀರು ನುಗ್ಗುತ್ತಿತ್ತು. ಮನೆಯ ಯಜಮಾನರು ಹೊರಗೆ ಬಂದರು. "ಚರಂಡಿ ಅಲ್ಲ ಸಾರ್, ಹಳೇ ಕಾಲುವೆ. ಪಾಯ ತೋಡ್ದಾಗ ಸಿಕ್ತು. ದೊಡ್ಡ ಪೈಪ್ ಹಾಕಿ ಅದರ ಮೇಲೇ ಕಟ್ಟಿದ್ದೀವಿ. ಮೇಲಿನ ಕೆರೆ ತುಂಬಿದ ವರ್ಷ ಕೆಳಗಿನ ಅಂಗಡೀಲಿ ಮೊಣಕಾಲುದ್ದ ನೀರು. ಯಾರೂ ಬಾಡಿಗೆಗೆ ನಿಲ್ಲಲ್ಲ." ಅಂಗಡಿ ಸಾಲಿನ ಶಟರುಗಳು ಬುಡದಲ್ಲಿ ತುಕ್ಕು ತಿಂದಿದ್ದವು.

ಒಬ್ಬರ ಬಾಯಿಮಾತು ನನಗೆ ಸಾಲದು. ಶಕೀಲಾ ಚೀಲದಿಂದ ಕಿತ್ತಳೆ ತೆಗೆದು ಸುಲಿದರು. ಅದರ ಸಿಪ್ಪೆಯನ್ನು ನಾನು ಜಾಲರಿಯ ಸಂದಿನಿಂದ ಒಳಕ್ಕೆ ಬಿಟ್ಟೆ. ಅವರು ದಕ್ಷಿಣದ ಗೋಡೆಯ ಹತ್ತಿರ, ನೀರು ಹೊರಬೀಳುವ ಕಡೆ ಹೋಗಿ ಬಗ್ಗಿ ನಿಂತರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಲ್ಲಿಂದ ಕೈ ಎತ್ತಿದರು.

"ಬಂತಾ?" ಎಂದು ಕೂಗಿದೆ.

"ಬಂತು. ಇನ್ನೊಂದು ಸಲ ಹಾಕಿ."

ಹಾಕಿದೆ. ಎರಡನೆಯ ಸಲವೂ ಬಂತು.